ಐವತ್ತು ಗುಂಟೆಯಲ್ಲಿ ನಲವತ್ತು ಸೈಟು ಬರುತ್ತದೆಯೇ?

ಸರ್, ತುಮಕೂರು ತಾಲ್ಲೂಕಿನ ಒಂದು ಹಳ್ಳಿಯವನು ನಾನು, ಪ್ರೌಢಶಾಲಾ ಶಿಕ್ಷಕ. ತಂದೆಯವರು ತೀರಿಕೊಂಡು ಮೂರು ವರ್ಷವಾಯಿತು. ಟಾರು ರಸ್ತೆಯಿಂದ ಸ್ವಲ್ಪ ಒಳಗಿರುವ 1 ಎಕರೆ 10 ಗುಂಟೆ ಖುಷ್ಕಿ ಜಮೀನು ಇನ್ನೂ ಅವರ ಹೆಸರಿನಲ್ಲೇ ಇದೆ. ಅಣ್ಣ, ಅಕ್ಕ, ನಾನು ಮೂವರು ಮಕ್ಕಳು. ನಮ್ಮೂರಿನ ದಲ್ಲಾಳಿಯೊಬ್ಬರು ‘ಮೂವತ್ತು ನಲವತ್ತರದು ನಲವತ್ತು ಸೈಟು ಬರುತ್ತೆ, ಪಂಚಾಯ್ತಿಯಲ್ಲಿ 11ಬಿ ಮಾಡಿಸುವ ಜವಾಬ್ದಾರಿ ನಂದು’ ಎಂದು ಅಣ್ಣನ ತಲೆ ತುಂಬಿದ್ದಾರೆ. ಅಣ್ಣ ಆಗಲೇ ನಾಲ್ಕು ಜನರಿಂದ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ. ಅದರಲ್ಲಿ ಇಬ್ಬರು ಅತ್ತಿಗೆಯ ಕಡೆಯ ನೆಂಟರು. ನನಗೆ ಧೈರ್ಯ ಸಾಲದೆ, ಎಂಜಿನಿಯರ್ ಹತ್ತಿರ ನಕ್ಷೆ ಬರೆಸಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಕೊಡಿಸಿದೆ. ಎರಡು ಸಲ ವಾಪಸ್ ಬಂತು. ಪಹಣಿ ಮೃತರ ಹೆಸರಲ್ಲಿದೆ, ವಿಸ್ತೀರ್ಣ ತಾಳೆಯಾಗುತ್ತಿಲ್ಲ, ಭೂಪರಿವರ್ತನೆ ಆದೇಶವಿಲ್ಲ, ಸಂಪರ್ಕ ರಸ್ತೆಗೆ ದಾಖಲೆಯಿಲ್ಲ ಎಂದು ಹಿಂಬರಹ. ‘ದುಡ್ಡು ಕೀಳೋಕೆ ಹಿಂಗೆ ಆಡ್ತಾರೆ, ನೀನು ಸಹಿ ಹಾಕು, ಪಂಚಾಯ್ತಿ ದಾರಿ ಹಿಡಿಯೋಣ’ ಅನ್ನುತ್ತಾರೆ ಅಣ್ಣ. ಅಕ್ಕನಿಗೆ ಹೇಳಿಲ್ಲ. ‘ಮದುವೇಲಿ ಕೊಟ್ಟಾಯ್ತಲ್ಲ’ ಎಂಬುದು ಅಣ್ಣನ ಮಾತು. ಸಹಿ ಹಾಕದಿದ್ದರೆ ಮನೆ ಒಡೆಯುತ್ತದೆ. ಹಾಕಿದರೆ ಏನಾದೀತೋ ಎಂದು ನಿದ್ದೆ ಬರುತ್ತಿಲ್ಲ.
(ಹೆಸರು ಬೇಡ)

ಮೇಷ್ಟ್ರೇ,

ಸಹಿ ಹಾಕಬೇಡಿ. ಹಾಗೆಂದು ಅಣ್ಣನ ಮುಂದೆ ‘ಹಾಕುವುದಿಲ್ಲ’ ಎಂದು ಎದ್ದು ಬರಲೂಬೇಡಿ. ‘ಹಾಕುತ್ತೇನೆ, ಮೊದಲು ಈ ನಾಲ್ಕು ಆಕ್ಷೇಪಣೆಗಳನ್ನು ಒಟ್ಟಿಗೆ ಕೂತು ಓದೋಣ’ ಎನ್ನಿ. ಏಕೆಂದರೆ ಆ ನಾಲ್ಕೂ ಸರಿಯಾಗಿವೆ. ಕಚೇರಿಗಳಲ್ಲಿ ದುಡ್ಡಿಗಾಗಿ ಕಡತ ಎಳೆಯುವುದು ಇಲ್ಲವೇ ಇಲ್ಲ ಎಂದು ನಾನು ಹೇಳಿದರೆ ನೀವೇ ನಗುತ್ತೀರಿ. ಆದರೆ ಸತಾಯಿಸಲು ಹಾಕಿದ ಆಕ್ಷೇಪಣೆಯ ಮಾತು ಸಾಮಾನ್ಯವಾಗಿ ಮಂಜು ಮಂಜಾಗಿರುತ್ತದೆ: ‘ಪರಿಶೀಲಿಸಬೇಕಿದೆ’, ‘ಸ್ಪಷ್ಟೀಕರಣ ಬೇಕಿದೆ’ ಇತ್ಯಾದಿ. ನಿಮಗೆ ಬಂದ ಹಿಂಬರಹ ಹಾಗಿಲ್ಲ. ಯಾವ ಕಾಗದ ಇಲ್ಲ ಎಂದು ಬೆರಳಿಟ್ಟು ತೋರಿಸಿದೆ. ನಿಮ್ಮ ಎಂಜಿನಿಯರು ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿ ಫೀಸು ತೆಗೆದುಕೊಂಡಿದ್ದಾರೆ, ಅಷ್ಟೆ.

ಅಕ್ಕನ ವಿಷಯದಿಂದಲೇ ಶುರು ಮಾಡುತ್ತೇನೆ, ನೀವು ಅದನ್ನು ಪತ್ರದ ಕೊನೆಗೆ ತಳ್ಳಿದ್ದರೂ. ಜಮೀನು ತಂದೆಯವರ ಸ್ವಯಾರ್ಜಿತವಾಗಿದ್ದು ಅವರು ವಿಲ್ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಕುಟುಂಬದಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೆ ಮಗನಷ್ಟೇ ಪಾಲು. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿ ಇದೆ. ತಂದೆ ಯಾವಾಗ ತೀರಿಕೊಂಡರು ಎಂಬ ತಕರಾರನ್ನೂ ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಮುಗಿಸಿದೆ. ಕರ್ನಾಟಕವಂತೂ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ಮದುವೆಯಲ್ಲಿ ಹಾಕಿದ ಚಿನ್ನ ಪಹಣಿಯಲ್ಲಿ ದಾಖಲಾಗುವುದಿಲ್ಲ. ತಾಯಿಯವರ ಬಗ್ಗೆ ನೀವೇನೂ ಬರೆದಿಲ್ಲ. ಅವರಿದ್ದರೆ ಅವರಿಗೂ ಪಾಲಿದೆ.

ಹಾಗಾಗಿ ವಂಶವೃಕ್ಷದಲ್ಲಿ ಎಲ್ಲರ ಹೆಸರೂ ಬರಬೇಕು, ಅದರ ಮೇಲೆ ಪೌತಿ ಖಾತೆಯಾಗಿ ಪಹಣಿ ವಾರಸುದಾರರ ಹೆಸರಿಗೆ ಬರಬೇಕು. ಅಕ್ಕ ಮನಸಾರೆ ‘ನನಗೆ ಬೇಡ’ ಎಂದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಹಬ್ಬದೂಟದ ಹೊತ್ತಿನಲ್ಲಿ ಆಡಿದ ಮಾತು ಸಾಲದು. ಅಕ್ಕನನ್ನು ಬಿಟ್ಟು ಸೈಟು ಮಾರಿ, ಹತ್ತು ವರ್ಷದ ಮೇಲೆ ಅವರೋ ಅವರ ಮಕ್ಕಳೋ ಪಾಲಿನ ದಾವೆ ಹಾಕಿದರೆ, ಅಲ್ಲಿ ಮನೆ ಕಟ್ಟಿಕೊಂಡವರೆಲ್ಲ ಪ್ರತಿವಾದಿಗಳಾಗುತ್ತಾರೆ. ಅತ್ತಿಗೆಯ ನೆಂಟರೂ ಸೇರಿ.

ಎರಡನೆಯದು ವಿಸ್ತೀರ್ಣ. ಪಹಣಿಯಲ್ಲಿ 1 ಎಕರೆ 10 ಗುಂಟೆ ಎಂದಿರುವುದನ್ನು ನೀವು ನಂಬಿದ್ದೀರಿ. ಯೋಜನಾ ಪ್ರಾಧಿಕಾರ ಅದೊಂದನ್ನೇ ನಂಬುವುದಿಲ್ಲ. ಸರ್ವೆ ಇಲಾಖೆಯ ಆಕಾರಬಂದು, ಮೂಲ ಟಿಪ್ಪಣಿ, ಈಗ ಅಳೆದ ಸ್ಕೆಚ್ ಎಲ್ಲವೂ ಒಂದೇ ಲೆಕ್ಕ ಹೇಳಬೇಕು. ತಾತನ ಕಾಲದಲ್ಲಿ ಸರ್ವೆ ನಂಬರಿನ ಒಂದು ತುಂಡನ್ನು ಕೊಂಡು ಪೋಡಿ ಮಾಡಿಸದೆ ಬಿಟ್ಟ ಜಮೀನುಗಳಲ್ಲಿ ಈ ತಾಳೆ ತಪ್ಪುವುದು ತೀರಾ ಮಾಮೂಲು. ನಿಮ್ಮದೂ ಅಂಥದ್ದೇ ಆಗಿದ್ದರೆ ಮೊದಲು ಪೋಡಿಯಾಗಿ ಹೊಸ ಹಿಸ್ಸಾ ನಂಬರು ಬೀಳಬೇಕು.

ಪಹಣಿಯಲ್ಲಿ ಖರಾಬು ಎಂಬ ಕಾಲಂ ಇದೆ, ನೋಡಿಕೊಳ್ಳಿ. ‘ಅ’ ಖರಾಬು ಎಂದರೆ ಬಂಡೆ, ಗುಂಡಿ, ಹಳೇ ಕಣ ಇದ್ದು ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ಬೇರೆ ಜಾತಿಯದು. ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ಅದು. ನಿಮ್ಮ ಬೇಲಿಯೊಳಗಿದ್ದರೂ ನಿಮ್ಮದಲ್ಲ. ಅದರ ಮೇಲೆ ಸೈಟು ಬರೆದ ನಕ್ಷೆಯನ್ನು ಯಾವ ಅಧಿಕಾರಿಯೂ ಒಪ್ಪಬಾರದು, ಒಪ್ಪಿದರೂ ಅದು ನಿಲ್ಲುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ಋಣ ಉಳಿದಿದೆಯೇ ಎಂಬುದನ್ನೂ ನೋಡಿ. ಜಮೀನು ಸರ್ಕಾರದಿಂದ ಮಂಜೂರಾಗಿ ಬಂದದ್ದಾದರೆ ಮಂಜೂರಾತಿಯ ಷರತ್ತು ಓದದೆ ಒಂದು ಹೆಜ್ಜೆಯೂ ಇಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಕಾಯ್ದೆಯೇ ಇದೆ.

ಇನ್ನು ದಾರಿ. ನಿಮ್ಮ ಪತ್ರದಲ್ಲಿ ‘ಟಾರು ರಸ್ತೆಯಿಂದ ಸ್ವಲ್ಪ ಒಳಗೆ’ ಎಂಬ ಮಾತು ಓದಿದಾಗಲೇ ನನಗೆ ಅನುಮಾನ ಬಂತು. ಆ ‘ಸ್ವಲ್ಪ’ ಯಾರ ಜಮೀನು? ಗ್ರಾಮ ನಕಾಶೆಯಲ್ಲಿ ಕಾಣುವ ದಾರಿಯಾದರೆ ಅದರ ಅಗಲವೆಷ್ಟು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಪಕ್ಕದವರು ವಿಶ್ವಾಸಕ್ಕೆ ಬಿಟ್ಟ ಬಂಡಿ ಜಾಡಾದರೆ, ಬಿತ್ತನೆಗೆ ಟ್ರ್ಯಾಕ್ಟರ್ ಹೋಗಲು ಅದು ಸಾಕು, ಬಡಾವಣೆಗೆ ಸಾಲದು. ಬಡಾವಣೆಯ ರಸ್ತೆಗೆ 9 ಮೀಟರ್, ಅಂದರೆ ಮೂವತ್ತು ಅಡಿ ಅಗಲ ಕೇಳುವುದು ಸಾಮಾನ್ಯ. ನೀವು ಒಳಗೆ ಮೂವತ್ತಡಿ ರಸ್ತೆ ಮಾಡಿ, ಹೊರಗೆ ಹತ್ತಡಿ ಜಾಡಿನಲ್ಲಿ ಅದು ಮುಗಿದರೆ ಅಗ್ನಿಶಾಮಕ ವಾಹನ ಹಾರಿ ಬರುವುದೇ? ಪಕ್ಕದವರಿಂದ ದಾರಿಯಷ್ಟು ಜಾಗ ಕೊಳ್ಳಬೇಕು, ಇಲ್ಲವೇ ನೋಂದಾಯಿತ ಪತ್ರದ ಮೂಲಕ ದಾರಿ ಹಕ್ಕು ಪಡೆಯಬೇಕು. ಇದು ಆಗದಿದ್ದರೆ ಉಳಿದದ್ದೆಲ್ಲ ಆದರೂ ನಕ್ಷೆ ಪಾಸಾಗದು. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಜಮೀನಿನ ಮೇಲೆ ನಿಂತು ನೋಡಿದರೆ ಸುತ್ತಲಿನ ಸರ್ವೆ ನಂಬರುಗಳ ಅಂದಾಜು ಈಗಲೇ ಸಿಗುತ್ತದೆ. ಅದು ಅಧಿಕೃತ ಅಳತೆಯಲ್ಲ, ಆದರೆ ದಲ್ಲಾಳಿಯ ಬಾಯಿಮಾತಿಗಿಂತ ವಾಸಿ.

ಮೂರನೆಯ ಆಕ್ಷೇಪಣೆ ಪರಿವರ್ತನೆಯದು. ಕೃಷಿ ಜಮೀನನ್ನು ಬೇರೆ ಬಳಕೆಗೆ ತರಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆಯಾಗಬೇಕು ಎಂಬುದು ನಿಮಗೆ ಗೊತ್ತಿರಬಹುದು. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಪ್ರಾಧಿಕಾರಕ್ಕೆ ಹೋಗಿ, ಮಹಾಯೋಜನೆಯ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ನೋಡಿ. ಹಳದಿಯಿದ್ದರೆ ವಸತಿ ವಲಯ, ದಾರಿ ಸುಗಮ. ಹಸಿರು ಇದ್ದರೆ ಕೃಷಿ ವಲಯ. ಆಗ ಮೊದಲು ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಬೇಕು. ಅದು ದೀರ್ಘ ಪ್ರಕ್ರಿಯೆ, ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ. ನಕ್ಷೆಗೆ ದುಡ್ಡು ಸುರಿಯುವ ಮುಂಚೆ ಈ ಬಣ್ಣ ನೋಡಲು ಹತ್ತು ನಿಮಿಷ ಸಾಕಿತ್ತು.

ಈಗ ನಕ್ಷೆಗೆ ಬರೋಣ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಹೇಳುವುದಿಷ್ಟು: ಜಾಗವನ್ನು ತುಂಡು ಮಾಡುವವನು ಅಥವಾ ಅದರಲ್ಲಿ ಖಾಸಗಿ ರಸ್ತೆ ಬಿಡುವವನು ಮೊದಲು ವಿನ್ಯಾಸ ನಕ್ಷೆಯನ್ನು ಯೋಜನಾ ಪ್ರಾಧಿಕಾರಕ್ಕೆ ಕೊಟ್ಟು ಮಂಜೂರಾತಿ ಪಡೆಯಬೇಕು. ನೀವು ಪತ್ರದ ಜೊತೆ ಕಳಿಸಿದ ನಕ್ಷೆಯ ಪ್ರತಿಯಲ್ಲಿ ಸೈಟುಗಳ ಚೌಕಗಳು ಮತ್ತು ನಡುವೆ ಒಂದು ರಸ್ತೆ ಬಿಟ್ಟು ಬೇರೇನೂ ಇಲ್ಲ. ಪ್ರಾಧಿಕಾರ ನೋಡುವುದು ಚೌಕಗಳ ಸುತ್ತ ಏನಿದೆ ಎಂಬುದನ್ನು. ನೆಲದ ಏರು ತಗ್ಗು, ಮಳೆ ನೀರು ಎತ್ತ ಹರಿಯುತ್ತದೆ, ಬಾವಿ, ಹಳ್ಳ, ತಲೆಯ ಮೇಲೆ ಹಾದ ಹೈಟೆನ್ಷನ್ ತಂತಿ, ನಾಲ್ಕೂ ಕಡೆಯ ಸರ್ವೆ ನಂಬರುಗಳು, ಅಕ್ಕಪಕ್ಕದಲ್ಲಿ ಆಗಲೇ ಮಂಜೂರಾದ ಬಡಾವಣೆ ಇದ್ದರೆ ಅದರ ರಸ್ತೆಗಳು, ಮಹಾಯೋಜನೆಯಲ್ಲಿ ಗುರುತಿಸಿದ ರಸ್ತೆಯೇನಾದರೂ ನಿಮ್ಮ ಜಮೀನಿನ ಮೇಲೆ ಹೋಗುತ್ತದೆಯೇ, ಇವೆಲ್ಲ ನಕ್ಷೆಯಲ್ಲಿ ಕಾಣಬೇಕು. ಪಕ್ಕದ ಬಡಾವಣೆಯ ರಸ್ತೆ ನಿಮ್ಮ ಬೇಲಿಗೆ ಬಂದು ನಿಂತಿದ್ದರೆ ಅದನ್ನು ನೀವು ಮುಂದುವರಿಸಬೇಕಾಗುತ್ತದೆ. ಹೀಗೆ ಮಾಡದೆ ಬೆಳೆದ ಬಡಾವಣೆಗಳನ್ನು ನಮ್ಮ ಪಟ್ಟಣಗಳ ಅಂಚಿನಲ್ಲಿ ಯಾರಾದರೂ ನೋಡಬಹುದು. ಕೂಗಿದರೆ ಕೇಳುವಷ್ಟು ದೂರದ ಮನೆಗೆ ಹೋಗಲು ಹೆದ್ದಾರಿಗೆ ಬಂದು ಸುತ್ತಿ ಹೋಗಬೇಕು. ಮಳೆ ಬಂದರೆ ಮೇಲಿನವರ ಚರಂಡಿ ಕೆಳಗಿನವರ ಅಂಗಳದಲ್ಲಿ ಮುಗಿಯುತ್ತದೆ.

ಅಣ್ಣನಿಗೆ ನುಂಗಲಾಗದ ಸಂಗತಿ ಇದರ ಮುಂದಿನದು ಎಂದು ನನ್ನ ಊಹೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗವನ್ನು ನೀವು ಬಿಡಿಗಾಸಿಲ್ಲದೆ, ನೋಂದಾಯಿತ ಪತ್ರ ಬರೆದು ಪ್ರಾಧಿಕಾರಕ್ಕೆ ಒಪ್ಪಿಸಬೇಕು. ‘ನಮ್ಮಪ್ಪನ ಜಮೀನು, ಪುಕ್ಕಟೆ ಯಾಕೆ ಕೊಡಬೇಕು’ ಎಂದು ರೈತ ಕುಟುಂಬದಲ್ಲಿ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಣ್ಣ ಮಾರಲು ಹೊರಟಿರುವುದು ಜಮೀನನ್ನಲ್ಲವಲ್ಲ. ಖುಷ್ಕಿ ಜಮೀನಿನ ದರಕ್ಕೂ ಸೈಟಿನ ದರಕ್ಕೂ ಇರುವ ಅಂತರ ಹುಟ್ಟುವುದೇ ಮನೆ ಬಾಗಿಲಿಗೆ ರಸ್ತೆ, ಚರಂಡಿ, ನೀರು, ಕರೆಂಟು ಬರುತ್ತದೆ ಎಂಬ ಭರವಸೆಯಿಂದ. ಆ ಅಂತರವನ್ನು ಪೂರ್ತಿ ಜೇಬಿಗಿಳಿಸಿ ರಸ್ತೆಯನ್ನು ಪಂಚಾಯ್ತಿ ಮಾಡಲಿ ಎನ್ನುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ರಸ್ತೆ ಕಾಗದದ ಮೇಲೆ ನಿಮ್ಮ ಹೆಸರಲ್ಲೇ ಉಳಿದರೆ ಇನ್ನೊಂದು ಅಪಾಯವಿದೆ. ಮುಂದೊಂದು ದಿನ ನಿಮ್ಮ ಮಕ್ಕಳೋ ಅಣ್ಣನ ಮಕ್ಕಳೋ ಅದಕ್ಕೆ ಬೇಲಿ ಹಾಕಬಹುದು. ಹಾಕಿದ ಉದಾಹರಣೆಗಳಿವೆ.

ಲೆಕ್ಕ ಮಾಡೋಣ, ನೀವು ಮೇಷ್ಟ್ರಲ್ಲವೇ. ಒಂದು ಗುಂಟೆಗೆ 1,089 ಚದರಡಿ. ಐವತ್ತು ಗುಂಟೆಗೆ 54,450. ಮೂವತ್ತು ನಲವತ್ತರ ಸೈಟು 1,200 ಚದರಡಿ. ಒಂದಿಂಚು ರಸ್ತೆ ಬಿಡದೆ ಭಾಗಿಸಿದರೆ ಬರುವುದು 45. ದಲ್ಲಾಳಿ ಹೇಳಿದ ನಲವತ್ತು ಎಲ್ಲಿಂದ ಬಂತು ಎಂದು ತಿಳಿಯಿತಲ್ಲ? ಮಂಜೂರಾಗುವ ಬಡಾವಣೆಯಲ್ಲಿ ಸೈಟಿಗೆ ಉಳಿಯುವುದು ಅರ್ಧ ಅಥವಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಿಖರ ಪ್ರಮಾಣವನ್ನು ನಿಮ್ಮ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿ ನೋಡಿಕೊಳ್ಳಿ. ಶೇ 55 ಎಂದು ಹಿಡಿದರೂ 29,947 ಚದರಡಿ, ಅಂದರೆ 24 ಸೈಟು. ಮೂಲೆಯ ಸೊಟ್ಟ ತುಂಡುಗಳು, ಖರಾಬು ಕಳೆದರೆ ಇಪ್ಪತ್ತರ ಆಸುಪಾಸು ಎಂದಿಟ್ಟುಕೊಳ್ಳಿ. ಮೂವರಲ್ಲಿ ಹಂಚಿದರೆ ತಲಾ ಆರೇಳು. ಇದರಲ್ಲಿ ಖರ್ಚು ಕಳೆಯಬೇಕು: ಪರಿವರ್ತನಾ ಶುಲ್ಕ, ಪರಿಶೀಲನಾ ಶುಲ್ಕ, ಅಭಿವೃದ್ಧಿ ಶುಲ್ಕ, ಕೆರೆ, ಕೊಳೆಗೇರಿ, ವರ್ತುಲ ರಸ್ತೆಯ ಹೆಸರಿನಲ್ಲಿ ಬರುವ ಕರಗಳು. ಆಮೇಲೆ ರಸ್ತೆಗೆ ಜಲ್ಲಿ ಟಾರು, ಚರಂಡಿ, ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕು, ಬೆಸ್ಕಾಂ ಒಪ್ಪುವಂತೆ ಕಂಬ ಮತ್ತು ಟ್ರಾನ್ಸ್‌ಫಾರ್ಮರ್. ಮೊದಲು ಸಿಗುವುದು ತಾತ್ಕಾಲಿಕ ಅನುಮೋದನೆ. ಕಾಮಗಾರಿ ನಡೆದಂತೆ ಹಂತಹಂತವಾಗಿ ಸೈಟು ಬಿಡುಗಡೆ ಮಾಡಿ ಕೊನೆಗೆ ಅಂತಿಮ ಅನುಮೋದನೆ ಕೊಡುತ್ತಾರೆ. ಅಂದರೆ ಸೈಟು ಮಾರಿ ಬಂದ ದುಡ್ಡಿನಲ್ಲೇ ಎಲ್ಲ ಕಾಮಗಾರಿ ಮುಗಿಸುತ್ತೇವೆ ಎಂಬ ಲೆಕ್ಕ ನಡೆಯುವುದಿಲ್ಲ. ಕೈಯಲ್ಲಿ ಬಂಡವಾಳ ಬೇಕು.

ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕೂಡ ಇದೆ. 2016ರ ಕೇಂದ್ರ ಕಾಯ್ದೆ ಪ್ರಕಾರ 500 ಚದರ ಮೀಟರ್ ದಾಟಿದ ಯೋಜನೆಗಳು ನೋಂದಣಿಯಾಗಬೇಕು. ಸೈಟುಗಳ ಬಡಾವಣೆಗೂ ಇದು ಅನ್ವಯಿಸುತ್ತದೆ. 500 ಚದರ ಮೀಟರ್ ಅಂದರೆ ಐದು ಗುಂಟೆಯೂ ಇಲ್ಲ. ನೋಂದಣಿಗೆ ಮುಂಚೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ. ತಪ್ಪಿದರೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡ. ಅಣ್ಣ ತೆಗೆದುಕೊಂಡ ಅಡ್ವಾನ್ಸು ಈ ಬುಕಿಂಗೇ. ‘ನಾನೇನು ಬಿಲ್ಡರಾ’ ಎಂದು ಅವರು ಕೇಳಬಹುದು. ಜಮೀನು ವಿಂಗಡಿಸಿ ಸೈಟು ಮಾರುವವನನ್ನು ಕಾಯ್ದೆ ಪ್ರವರ್ತಕ ಎಂದೇ ಕರೆಯುತ್ತದೆ. ನೀವು ಸಹಿ ಹಾಕಿದರೆ ನೀವೂ ಪ್ರವರ್ತಕರೇ. ಸರ್ಕಾರಿ ಶಾಲೆಯವರಾದರೆ ಇಲಾಖೆಗೂ ಉತ್ತರ ಹೇಳಬೇಕಾಗುತ್ತದೆ.

ದಲ್ಲಾಳಿಯ 11ಬಿ ಮಾತಿಗೆ ಬರುತ್ತೇನೆ. 2013ರಲ್ಲಿ ಇ-ಸ್ವತ್ತು ಬಂದ ಮೇಲೆ ಗ್ರಾಮ ಪಂಚಾಯ್ತಿಗಳು ಎರಡು ಬಗೆಯ ಖಾತೆ ಇಡುತ್ತಿವೆ. ನಮೂನೆ 9 ಮತ್ತು 11ಎ ಸಿಗುವುದು ಗ್ರಾಮಠಾಣದ ಸ್ವತ್ತಿಗೆ, ಸರ್ಕಾರಿ ವಸತಿ ಯೋಜನೆಯ ನಿವೇಶನಕ್ಕೆ, ಪರಿವರ್ತನೆಯಾಗಿ ನಕ್ಷೆ ಮಂಜೂರಾದ ಬಡಾವಣೆಗೆ. ಉಳಿದದ್ದು 11ಬಿ. ಅದರಿಂದ ಪಂಚಾಯ್ತಿ ಕಂದಾಯ ಕಟ್ಟಿಸಿಕೊಳ್ಳಬಹುದು. ಅಷ್ಟಕ್ಕೇ ಬಡಾವಣೆ ಸಕ್ರಮವಾಗುವುದಿಲ್ಲ. ಬಡಾವಣೆ ನಕ್ಷೆ ಮಂಜೂರು ಮಾಡುವ ಅಧಿಕಾರ ಗ್ರಾಮ ಪಂಚಾಯ್ತಿಗೆ ಇಲ್ಲ. 2024ರಿಂದ ನಿವೇಶನಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಹಳೆಯ ಕೈಬರಹದ ಆಟ ಬಹುಮಟ್ಟಿಗೆ ನಿಂತಿದೆ. ಕೃಷಿ ಜಮೀನೆಂದೇ ಗುಂಟೆ ಲೆಕ್ಕದಲ್ಲಿ ಬರೆದುಕೊಟ್ಟು ಕೊಂಡವರ ಹೆಸರನ್ನು ಜಂಟಿ ಪಹಣಿಗೆ ಸೇರಿಸುವ ದಾರಿಯನ್ನು ದಲ್ಲಾಳಿ ಮುಂದೆ ತೋರಿಸಬಹುದು. ಅದರಲ್ಲಿ ಇಪ್ಪತ್ತು ಜನ ಒಂದೇ ಪಹಣಿಯಲ್ಲಿ ಸಿಕ್ಕಿಕೊಂಡು, ಯಾರ ಸೈಟು ಯಾವುದೆಂದು ಯಾವ ದಾಖಲೆಯೂ ಹೇಳದೆ, ಬ್ಯಾಂಕ್ ಸಾಲವೂ ಹುಟ್ಟದೆ ಒದ್ದಾಡುತ್ತಾರೆ.

‘ಮುಂದೆ ಸರ್ಕಾರ ಹೇಗೂ ಸಕ್ರಮ ಮಾಡುತ್ತೆ’ ಎಂಬ ಮಾತನ್ನೂ ಕೇಳಿರುತ್ತೀರಿ. ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳು ಅನಧಿಕೃತ ಬಡಾವಣೆಗಳ ಸ್ವತ್ತಿಗೆ ಬಿ-ಖಾತೆ ಕೊಡುವ ಅಭಿಯಾನ ನಡೆಸಿದ್ದು ನಿಜ. ಆದರೆ ಅದು ಆಗಲೇ ಕೊಂಡು ಸಿಕ್ಕಿಬಿದ್ದವರಿಗಾಗಿ ಮಾಡಿದ ಏರ್ಪಾಡು. ಇನ್ನು ಮೇಲೆ ಅಂಥ ಬಡಾವಣೆ ಮಾಡಿ ಎಂದು ಕೊಟ್ಟ ಪರವಾನಗಿಯಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ: ಐವತ್ತು ಗುಂಟೆಗೆ ನೀವೇ ಬಡಾವಣೆ ಮಾಡುವುದು ಬೇಡ. ದಾರಿ ಖಚಿತವಿಲ್ಲ, ಬಂಡವಾಳವಿಲ್ಲ, ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲ. ಸಣ್ಣ ಜಮೀನಿನಲ್ಲಿ ರಸ್ತೆ, ಉದ್ಯಾನಕ್ಕೆ ಬಿಟ್ಟ ಮೇಲೆ ಉಳಿಯುವುದು ಕಡಿಮೆ, ತಲೆನೋವು ಮಾತ್ರ ಹತ್ತು ಎಕರೆಯವರಿಗೆ ಇರುವಷ್ಟೇ. ಜಮೀನು ಹಳದಿ ವಲಯದಲ್ಲಿದ್ದು ಪಕ್ಕದವರೂ ಬಡಾವಣೆಯ ಯೋಚನೆಯಲ್ಲಿದ್ದರೆ ಅವರ ಜೊತೆ ಸೇರಿ ಒಂದೇ ನಕ್ಷೆ ಮಾಡಿಸುವುದು ಲೇಸು. ದಾರಿಯ ಸಮಸ್ಯೆಯೂ ಅದರಲ್ಲೇ ಬಗೆಹರಿಯಬಹುದು. ಅದೂ ಆಗದಿದ್ದರೆ ಪಾಲಾಗುವ ತುಂಡುಗಳನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ ಮೂವರೂ ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಿ. ಕೃಷಿ ಜಮೀನು ಕೃಷಿಯಾಗಿಯೇ ಮೂರು ಹಿಸ್ಸೆಯಾಗುತ್ತದೆ, ಬಡಾವಣೆ ನಕ್ಷೆಯ ಗೋಜಿಲ್ಲ. ಒಳಗಿನ ಹಿಸ್ಸೆಗಳಿಗೆ ಹೋಗುವ ದಾರಿಯನ್ನು ಮಾತ್ರ ಆ ಪತ್ರದಲ್ಲೇ ಅಡಿ ಲೆಕ್ಕದಲ್ಲಿ ಬರೆಸಿ. ಅವರವರ ಪಾಲಿನಲ್ಲಿ ಅವರವರು ಮಾರಲಿ, ಉಳಿಸಿಕೊಳ್ಳಲಿ. ಅಣ್ಣ ಅಲ್ಲಿ ಒಂದು ಮನೆ ಕಟ್ಟುತ್ತೇನೆಂದರೆ ತಮ್ಮ ಪಾಲನ್ನು ಪರಿವರ್ತಿಸಿ ಏಕ ನಿವೇಶನ ಅನುಮೋದನೆ ಕೇಳಬಹುದು. ಆದರೆ ಒಂದೇ ಜಮೀನನ್ನು ತುಂಡು ತುಂಡು ಮಾಡಿ ಎಲ್ಲಕ್ಕೂ ಏಕ ನಿವೇಶನ ಕೇಳುವ ಉಪಾಯ ಬೇಡ, ಅದು ಬಡಾವಣೆ ತಪ್ಪಿಸುವ ಹೂಟವೆಂದು ಮೇಜಿನ ಆಚೆ ಕೂತವರಿಗೆ ಕೂಡಲೇ ಗೊತ್ತಾಗುತ್ತದೆ.

ಅಡ್ವಾನ್ಸನ್ನು ವಾಪಸ್ ಮಾಡಿಸುವುದು ಎಲ್ಲಕ್ಕಿಂತ ತುರ್ತು. ನಾಲ್ಕೂ ಜನಕ್ಕೆ ಬ್ಯಾಂಕ್ ಮೂಲಕವೇ ಕೊಡಲಿ, ಕರಾರು ಬರೆದಿದ್ದರೆ ರದ್ದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲಿ. ಅಣ್ಣ ಆ ದುಡ್ಡು ಖರ್ಚು ಮಾಡಿದ್ದಾರೆಂದು ನನಗನ್ನಿಸುತ್ತಿದೆ. ಅವರ ಅವಸರ ನೋಡಿದರೆ ಹಾಗೇ ಕಾಣುತ್ತದೆ. ಹಾಗಿದ್ದರೆ ಬೈಯಬೇಡಿ, ಸಾಲವಾಗಿಯಾದರೂ ನೀವು ಕೈಜೋಡಿಸಿ. ನೆಂಟರ ದುಡ್ಡಿನ ಭಾರ ಇಳಿದರೆ ಅವರು ಜಮೀನಿನ ಮಾತನ್ನು ಸಮಾಧಾನವಾಗಿ ಆಡಿಯಾರು. ಆ ಮಾತುಕತೆಗೆ ದಲ್ಲಾಳಿ ಬೇಡ. ಅಕ್ಕನನ್ನು ಫೋನಿನಲ್ಲಿ ಕೇಳದೆ ಮನೆಗೆ ಕರೆಸಿಕೊಳ್ಳಿ.

ಅಷ್ಟರೊಳಗೆ ನೀವೊಬ್ಬರೇ ಮಾಡಬಹುದಾದ ಕೆಲಸವಿದೆ: ಸರ್ವೆ ಇಲಾಖೆಯಿಂದ ಟಿಪ್ಪಣಿ, ಆಕಾರಬಂದು, ಗ್ರಾಮ ನಕಾಶೆಯ ದೃಢೀಕೃತ ಪ್ರತಿ, ಉಪನೋಂದಣಿ ಕಚೇರಿಯಿಂದ ಹಳೆಯ ವರ್ಷಗಳ ಋಣಭಾರ ಪತ್ರ ತೆಗೆಸಿ. ಅರ್ಜಿ ಸಕಾಲ ವ್ಯಾಪ್ತಿಗೆ ಬರುವುದಾದರೆ ಸಕಾಲ ಸಂಖ್ಯೆಯಿರುವ ರಸೀದಿ ಕೇಳಿ ಪಡೆಯಿರಿ. ನಕಾಶೆಯ ಪ್ರತಿ ಕೈಗೆ ಬಂದ ಮೇಲೆ ಟಾರು ರಸ್ತೆಯಿಂದ ನಿಮ್ಮ ಜಮೀನಿನವರೆಗಿನ ಜಾಡು ಅದರಲ್ಲಿ ಜೋಡಿ ಚುಕ್ಕೆ ಗೆರೆಯಾಗಿ ಕಾಣುತ್ತದೆಯೇ, ಯಾವ ಸರ್ವೆ ನಂಬರಿನ ಮೇಲೆ ಹಾದಿದೆ ಎಂದು ನನಗೆ ಬರೆದು ತಿಳಿಸಿ.